ಹಗೇವಿನ ಮೇಲಿನ ವಿಷ್ಣುಕ್ರಾಂತಿ

ಕೊಣ್ಣೂರಿನ ನಮ್ಮ ಮನೆಯ ಅಂಗಳದಲ್ಲಿ ವಿಷ್ಣುಕ್ರಾಂತಿ ಹಬ್ಬಿಸಿದವಳು ನಾನೇ. ಜಂಬ ಅಂದುಕೊಳ್ಳುವವರು ಅಂದುಕೊಳ್ಳಲಿ. ಜಂಬವೇ.

ನರಗುಂದದ ಕೋಟೆಯಲ್ಲಿ ಇನ್ನೂ ಅರಸರಿದ್ದ ಕಾಲ. ನಾನು ಸೊಸೆಯಾಗಿ ಬಂದ ವರ್ಷವೇ ಅಂಗಳದ ಹಗೇವಿಗೆ ಮಳೆನೀರು ಇಳಿಯಿತು. ನೆಲದೊಳಗಿನ ಆ ಗುಳಿಯಲ್ಲೇ ನಮ್ಮ ವರ್ಷದ ಜೋಳ. ಮುಗ್ಗಲು ಜೋಳದ ರೊಟ್ಟಿ ತಿಂದೂ ತಿಂದೂ ನನಗೆ ರೇಗಿಹೋಯಿತು. ನೀರು ಇಳಿಯದೆ ಇನ್ನೇನು? ಹಗೇವಿನ ಬಾಯಿಗೆ ಕಲ್ಲು ಮುಚ್ಚಿ ಮಣ್ಣಿನ ದಿಬ್ಬ ಮಾಡುತ್ತಿದ್ದರು. ಹಬ್ಬ ಬಂದಾಗಲೆಲ್ಲ ನಮ್ಮತ್ತೆ ಕಳೆ ತೆಗೆಯುವ ಕುರ್ಚಿಗಿ ಹಿಡಿದು ಒಂದು ಹುಲ್ಲುಕಡ್ಡಿ ಉಳಿಯದಂತೆ ಅದನ್ನು ಹೆರೆಯುತ್ತಿದ್ದರು. ಅಂಗಳ ಬೋಳಾಗಿದ್ದರೇ ಮನೆಗೆ ಮರ್ಯಾದೆ. ಹುಲ್ಲಿನ ಜೊತೆ ಮಣ್ಣೂ ಹೋಗುತ್ತಿದ್ದದ್ದು ಯಾರ ಕಣ್ಣಿಗೂ ಬೀಳಲಿಲ್ಲ.

ಮರುವರ್ಷ ಮುಂಗಾರು ಶುರುವಾದದ್ದೇ, ಹೊಲದ ಬದುವಿನಿಂದ ವಿಷ್ಣುಕ್ರಾಂತಿಯನ್ನು ಮಣ್ಣಿನ ಹೆಂಟೆಯ ಸಮೇತ ತಂದು ಬೇರು ಮಣ್ಣು ಹಿಡಿದಿರಲೆಂದು ದಿಬ್ಬದ ತುಂಬ ಹಚ್ಚಿದೆ.

"ಹೊಲದಾಗಿನ ಕಸಾ ತಂದು ಅಂಗಳದಾಗ ಹಚ್ತಾರೇನ? ಮಂದಿ ಏನಂದಾರು! ಕಿತ್ತ ಒಗಿ" ಎಂದು ಅತ್ತೆ ಹರಿಹಾಯ್ದರು.

"ಹಗೇವು ತೆಗಿಯೂ ಮಟಾ ಕುರ್ಚಿಗಿ ಹಚ್ಚಬ್ಯಾಡ್ರಿ, ಅತ್ಯಾರ. ಕಾಳ ಕೆಟ್ಟಿದ್ರ ನಾನ ಕಿತ್ತ ಒಗೀತೀನಿ."

"ಕಾಳ ಕೆಟ್ರ ಆ ಕಸದ ಜೋಡಿ ನೀನೂ ತವರಮನಿ ದಾರಿ ಹಿಡಿ."

ಆ ಗಿಡವೂ ನನ್ನ ಹಾಗೇ ಹಟಮಾರಿ. ನೀರು ಕೇಳಲಿಲ್ಲ, ಗೊಬ್ಬರ ಕೇಳಲಿಲ್ಲ. ಕೋಳಿ ಕೆದರಿದರೂ ಮತ್ತೆ ಚಿಗುರಿತು. ಶ್ರಾವಣದ ಹೊತ್ತಿಗೆ ನೆಲಕ್ಕಂಟಿ ಹೆಣೆದುಕೊಂಡು, ಬೆಳಗಾದರೆ ದಿಬ್ಬದ ತುಂಬ ಉಗುರಿನಷ್ಟು ನೀಲಿ ಹೂ. ಆ ವರ್ಷ ಮಲಪ್ರಭೆ ಸೊಕ್ಕಿ ಹರಿದಳು. ಮಳೆ ಹೊಯ್ಯುವಾಗ ಬಾಗಿಲಲ್ಲಿ ನಿಂತು ದಿಬ್ಬವನ್ನೇ ನೋಡುತ್ತಿದ್ದೆ. ತವರಿಗೆ ಹೋಗಿ ಏನೆಂದು ಹೇಳಲಿ?

ದೀಪಾವಳಿ ಕಳೆದ ಮೇಲೆ ಹೆಂಟೆಗಳನ್ನು ನಾನೇ ಎಬ್ಬಿಸಿ ಬದಿಗಿಟ್ಟೆ. ನಮ್ಮ ಮನೆಯವರು ಕಲ್ಲು ಸರಿಸಿ, ಒಳಗಿನ ಗಾಳಿ ನೋಡಲು ದೀಪ ಇಳಿಬಿಟ್ಟರು. ಅದು ಆರಲಿಲ್ಲ. ಆಮೇಲೆ ತಾವು ಇಳಿದರು. ಮೇಲೆ ಬಂದ ಮೊದಲ ಬುಟ್ಟಿಗೆ ಅತ್ತೆಯೇ ಕೈ ಹಾಕಿದರು. ಮೂಸಿದರು. ಒಂದು ಕಾಳು ಹಲ್ಲಿಗೆ ಹಾಕಿದರು. ಕಟ್ ಅಂದಿತು! ನನಗಂತೂ ಅಲ್ಲೇ ಕುಣಿಯಬೇಕೆನ್ನಿಸಿತು.

ಹಗೇವು ಮುಚ್ಚಿ, ಮಣ್ಣು ಏರಿಸಿ, ಹೆಂಟೆ ಹಚ್ಚಲು ನಾನು ಬಾಗಿದೆ. ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ನಕ್ಕಳು: "ಏನವಾ, ಮತ್ತ ಕಸಾ ಹಚ್ಚಾಕತ್ತಿ?"

"ಕಸಾ ಅನಬ್ಯಾಡ. ನಮ್ಮ ಸೊಸಿ ಹಚ್ಚಿದ್ದದು" ಅಂದವರು ನಮ್ಮತ್ತೆ. ಸೆರಗು ಸಿಗಿಸಿ ನನ್ನ ಪಕ್ಕ ಕೂತು, ಮೊದಲ ಹೆಂಟೆಯನ್ನು ತಾವೇ ನೆಲಕ್ಕೊತ್ತಿದರು.