ನಿಧಾನಯ್ಯನವರ ಪಕ್ಕದ ಕುರ್ಚಿ

ಬೆಳಿಗ್ಗೆ ಮಗಳ ಹಾಸಿಗೆಯ ಹೊದಿಕೆಗಳನ್ನು ಹಿಂಡುತ್ತಿದ್ದಾಗ ನಿವೃತ್ತರಾಗುತ್ತಿರುವ ನಿಧಾನಯ್ಯನವರ ಅಭಿನಂದನ ಗ್ರಂಥದ ಸಮಿತಿಯ ಕಾರ್ಯದರ್ಶಿಗಳ ಫೋನು ಬಂತು. "ಎರಡು ಪುಟ ಬರ್ಕೊಡೀಮ್ಮ. ದೊಡ್ಡ ದೊಡ್ಡೋರೆಲ್ಲ ಬರೀತಿದಾರೆ. ಆದ್ರೆ ಅವರ ಮುಂದೆ ಅರ್ಜಿ ಹಿಡ್ಕೊಂಡು ಕೂತೋರು ಒಬ್ರೂ ಬರೆದಿಲ್ಲ," ಎಂದರು. ಹೊದಿಕೆಗಳು ಬಕೆಟ್ಟಿನಲ್ಲೇ ಉಳಿದವು. ಅವರ ಮುಂದೆ ಯಾರೂ ಕೂತಿಲ್ಲ, ಎಲ್ಲರೂ ಪಕ್ಕದಲ್ಲೇ ಕೂತವರು ಎಂಬುದನ್ನಾದರೂ ಬರೆದಿಡಬೇಕು ಎನಿಸಿತು.

ಇನ್ನೊಬ್ಬರ ಅರ್ಜಿ ತುಂಬಿಕೊಡುವುದನ್ನು ಯಾರೂ ಒಂದು ವಿದ್ಯೆಯೆಂದು ಎಣಿಸುವುದಿಲ್ಲ. ಆದರೆ ಗ್ರಂಥಾಲಯದ ನೆಲಮಹಡಿಯ ನೆರವು ಕೇಂದ್ರದಲ್ಲಿ, ಮೊದಲು ಬೆರಳಚ್ಚು ಯಂತ್ರದ ಹಿಂದೆ, ಆಮೇಲೆ ಕಂಪ್ಯೂಟರಿನ ಎದುರು, ಒಟ್ಟು ಮೂವತ್ತೊಂದು ವರ್ಷ ಕುಳಿತು, ಕಣ್ಣಿಲ್ಲದವರಿಗೂ ಕಾಲಿಲ್ಲದವರಿಗೂ ಅವರನ್ನು ಹೊತ್ತು ತಿರುಗುವವರಿಗೂ ಸರ್ಕಾರದ ಬಾಗಿಲು ತೆರೆಸಿಕೊಟ್ಟ ನಮ್ಮ ಹಿರಿಯರನ್ನು ಕಂಡವರು ಅದನ್ನು ವಿದ್ಯೆಯೆಂದೇ ಒಪ್ಪುತ್ತಾರೆ. ಸಹೋದ್ಯೋಗಿಗಳು ಅವರಿಗೆ ಇಟ್ಟ ಹೆಸರು ನಿಧಾನಯ್ಯ. ಅದನ್ನು ಅವರೇ ಪ್ರೀತಿಯಿಂದ ಒಪ್ಪಿಕೊಂಡಿದ್ದರಿಂದ ನಾನೂ ಬಳಸುತ್ತಿದ್ದೇನೆ.

ಅವರ ಪದ್ಧತಿಯೇ ಬೇರೆ. ಇಪ್ಪತ್ತು ನಿಮಿಷವಾದರೆ ಪರದೆ ತಾನಾಗಿ ಮುಚ್ಚಿಕೊಂಡು ತುಂಬಿದ್ದೆಲ್ಲ ಅಳಿಸಿಹೋಗುತ್ತದೆಂದು, ಮೊದಲು ಎಲ್ಲ ಉತ್ತರಗಳನ್ನೂ ಪೆನ್ಸಿಲಿನಲ್ಲಿ ಕಾಗದದ ಮೇಲೆ ಬರೆಸುತ್ತಿದ್ದರು. ಎರಡು ಕುರ್ಚಿಗಳನ್ನು ಅಕ್ಕಪಕ್ಕ ಹಾಕಿಸಿ ಪರದೆ ಇಬ್ಬರಿಗೂ ಕಾಣುವಂತೆ ತಿರುಗಿಸುತ್ತಿದ್ದರು. ಕೊನೆಯ 'ಸಲ್ಲಿಸು' ಗುಂಡಿಯನ್ನು ಮಾತ್ರ ಜಪ್ಪಯ್ಯ ಎಂದರೂ ತಾವು ಒತ್ತುತ್ತಿರಲಿಲ್ಲ. "ಅರ್ಜಿ ನಿಮ್ದು, ಬೆರಳೂ ನಿಮ್ದೇ ಇರ್ಲಿ," ಎನ್ನುತ್ತಿದ್ದರು. ಪಕ್ಕದ ಮೇಜಿನ ಮೇಡಂ, "ನಿಮ್ಮ ಸಾಲಲ್ಲಿ ನಿಂತ್ರೆ ವಯಸ್ಸಾಗಿ ವೃದ್ಧಾಪ್ಯ ವೇತನಾನೇ ಬಂದ್ಬಿಡುತ್ತೆ ಬಿಡಿ," ಎಂದು ಛೇಡಿಸಿದರೆ, "ಆ ಅರ್ಜೀನೂ ನಾನೇ ಹಾಕ್ಕೊಡ್ತೀನಿ, ಆಯ್ತಾ?" ಎಂದು ನಗುತ್ತಿದ್ದರು.

ಆರು ವರ್ಷಗಳ ಹಿಂದೆ ನಾನು ಅಲ್ಲಿಗೆ ಹೋದಾಗ ಮಗಳಿಗೆ ಆರು ತುಂಬಿತ್ತು. ದಿನಕಳೆದಂತೆ ಸ್ನಾಯುಗಳು ಸೋಲುತ್ತ ಹೋಗುವ ಕಾಯಿಲೆ ಅವಳದು. ನೆರವು ಮಂಜೂರಾದರೆ ಶಾಲೆಯಲ್ಲಿ ಅವಳ ಜೊತೆಗಿರಲು ಒಬ್ಬ ಆಯಾ ಸಿಗುತ್ತಿದ್ದಳು; ಇಲ್ಲವಾದರೆ ಶಾಲೆ ಬಿಡಿಸುವುದೊಂದೇ ದಾರಿ. ಮನೆಯಲ್ಲಿ ಮೊಬೈಲಿನಲ್ಲೇ ನಾನು ತುಂಬಿದ ಅರ್ಜಿ ತಿರಸ್ಕೃತವಾಗಿತ್ತು. ಆ ಪ್ರತಿಯನ್ನು ಅವರು ಸಾಲು ಸಾಲಾಗಿ ಓದಿದರು.

"ತಾನೇ ಬಟ್ಟೆ ಹಾಕ್ಕೋತಾಳೆ ಅಂತ ಒತ್ತಿದೀರಿ. ಹೌದಾ?"

"ಹಾಕ್ಕೋತಾಳೆ ಸಾರ್. ಗುಂಡಿ ನಾನು ಹಾಕ್ತೀನಿ. ತೋಳು ನಾನು ತೂರಿಸ್ತೀನಿ."

"ಮತ್ತೆ ಅವಳೇನು ಮಾಡ್ತಾಳೆ?"

"ಬಣ್ಣ ಆರಿಸ್ತಾಳೆ," ಎಂದೆ.

ಅವರು ನಗಲಿಲ್ಲ. "ಅಮ್ಮಾ, ಇದು ಪರೀಕ್ಷೆ ಅಲ್ಲ. ನೀವು ಮಗಳಿಗೆ ಒಳ್ಳೊಳ್ಳೆ ಮಾರ್ಕ್ಸ್ ಕೊಟ್ಟು ಕೊಟ್ಟು ಫೇಲ್ ಮಾಡ್ಸಿದೀರಿ," ಎಂದರು. ಹೆತ್ತವರಿಗೆ ಹೆಗ್ಗಣವೂ ಮುದ್ದು ಎನ್ನುತ್ತಾರೆ. ನನ್ನ ಮುದ್ದು ಅವಳ ಶಾಲೆಗೇ ಮುಳುವಾಗಿತ್ತು. ಆಮೇಲೆ ಅವರು ಹಳೆಯ ಕಾಗದದ ಕಟ್ಟನ್ನೂ ಪೆನ್ಸಿಲನ್ನೂ ಮಗಳಿಗೆ ಕೊಟ್ಟು, ಕಿಟಕಿಯಾಚೆಯ ಸೈಕಲ್ಲುಗಳ ಚಿತ್ರ ಬರೆಯಲು ಹೇಳಿ, ದನಿ ತಗ್ಗಿಸಿ ಒಂದೊಂದೇ ಪ್ರಶ್ನೆ ಕೇಳಿದರು. ನಲವತ್ತೆರಡು ಪ್ರಶ್ನೆ. ಅವಳ ಅತ್ಯಂತ ಕೆಟ್ಟ ದಿನವನ್ನು ನೆನೆದು ಉತ್ತರಿಸಬೇಕಿತ್ತು. 'ಆಗುವುದಿಲ್ಲ' ಎಂದು ಹೇಳಲು ಬಾಯಿ ಬಾರದಾಗ ನಾನು ತಲೆ ಮಾತ್ರ ಆಡಿಸಿದೆ, ಅವರು ಬರೆದುಕೊಂಡರು. ಸಂಜೆ ಕಾವಲುಗಾರ ಬೀಗದಕೈ ಗೊಂಚಲು ಅಲ್ಲಾಡಿಸಿದರೂ ಅವರು ಏಳಲಿಲ್ಲ. ಆ ವರ್ಷ ಆಯಾ ಬಂದಳು. ಮಗಳು ಶಾಲೆಯಲ್ಲಿ ಉಳಿದಳು.

ಮೂರು ವರ್ಷಕ್ಕೊಮ್ಮೆ ಅರ್ಜಿ ನವೀಕರಿಸಬೇಕು. ಎರಡನೆಯ ಸಲ ಬೆರಳಗುರುತಿನ ಯಂತ್ರ ಕೈಕೊಟ್ಟಿತು. ಅದಕ್ಕೆ ಬೇಕಾದಷ್ಟು ಬಲವಾಗಿ ಒತ್ತಲು ಒಂಬತ್ತು ವರ್ಷದ ಆ ಬೆರಳುಗಳಿಗೆ ಶಕ್ತಿಯಿರಲಿಲ್ಲ. ನಿಧಾನಯ್ಯನವರು ಅವಳ ಪುಟ್ಟ ಕೈಯನ್ನು ತಮ್ಮ ಅಂಗೈಗಳ ನಡುವೆ ಬೆಚ್ಚಗೆ ಹಿಡಿದುಕೊಂಡು, "ರೋಗ ಈ ಮೆಷಿನ್ನಿಗೆ ಪುಟ್ಟಾ, ಮೊಂಡ ರೋಗ," ಎಂದರು. ವಿನಾಯಿತಿ ಕೋರಿ ಅವರೇ ಪತ್ರ ಬರೆದು, ಮೇಲಿನ ಕಚೇರಿಗೆ ಹನ್ನೊಂದು ದಿನ ಬೆನ್ನುಹತ್ತಿ ಫೋನು ಮಾಡಿ, ಒಪ್ಪಿಗೆ ಸಿಕ್ಕ ಮೇಲಿನ ಭಾನುವಾರ ಮನೆ ಬಾಗಿಲಿಗೇ ಬಂದು ತಿಳಿಸಿದರು. ನೀರು ಕುಡಿದು ಹೊರಟರು. ಕೂರಿ ಎಂದರೂ ಕೂರಲಿಲ್ಲ.

ಮೂರನೆಯ ಸಲ ಅರ್ಜಿ ಹಾಕಿದ್ದು ಕಳೆದ ವಾರ, ಅವರ ಸೇವೆಯ ಕೊನೆಯ ದಿನಗಳಲ್ಲಿ. ಹನ್ನೆರಡರ ಮಗಳು ಈಗ ಗಾಲಿಕುರ್ಚಿಯಲ್ಲಿದ್ದಾಳೆ. ಅಕ್ಷರವೆಲ್ಲ ಬರುತ್ತದೆ, ಪಿಸುಮಾತೂ ಕೇಳಿಸುತ್ತದೆ. ಚಿತ್ರದ ಕಾಗದದಿಂದ ಇನ್ನು ಕೆಲಸವಾಗುವಂತಿರಲಿಲ್ಲ. ಅವರು ಅವಳನ್ನೇ ಕೇಳಿದರು: "ಇದೆಲ್ಲ ನಿನ್ನ ವಿಷಯ ಕಣಮ್ಮಾ. ಹೊರಗಿರ್ತೀಯೋ, ಇಲ್ಲೇ ಇದ್ದು ನೀನೇ ಹೇಳ್ತೀಯೋ?"

"ಇಲ್ಲೇ ಇರ್ತೀನಿ ತಾತ."

ಅವರು ಪಕ್ಕದ ಕುರ್ಚಿಯನ್ನು ಎತ್ತಿ ಗೋಡೆಗಿಟ್ಟು ಅವಳ ಗಾಲಿಗೆ ಜಾಗ ಮಾಡಿದರು. ನಾನು ಹಿಂದೆ ನಿಂತೆ. ನಲವತ್ತೆರಡೂ ಪ್ರಶ್ನೆಗಳನ್ನು ಅವರು ಓದಿದರು, ಅವಳು ಉತ್ತರಿಸಿದಳು. 'ಚಮಚವನ್ನು ಬಾಯಿಯವರೆಗೆ ಎತ್ತಬಲ್ಲರೇ' ಎಂಬಲ್ಲಿ, ಎತ್ತುತ್ತಾಳೆ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು, "ಆಗಲ್ಲ," ಎಂದಳು. "ಈ ತಿಂಗಳಿಂದ ಆಗ್ತಿಲ್ಲ. ಅಮ್ಮಂಗೆ ಹೇಳಿರ್ಲಿಲ್ಲ." ನಿಧಾನಯ್ಯನವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಪೆನ್ಸಿಲಿನ ಉತ್ತರಗಳೆಲ್ಲ ಪರದೆಗೆ ಏರಿದ ಮೇಲೆ, ಅವಳ ಬೆರಳಿನ ಕೆಳಗೆ ಕೀಲಿಮಣೆಯನ್ನು ಸರಿಸಿ, ಅವಳು ಒತ್ತುವ ತನಕ ಕಾದರು.

ಈ ಗ್ರಂಥದಲ್ಲಿ ಎಲ್ಲರೂ ಅವರಿಗೆ ದೀರ್ಘಾಯುಷ್ಯ ಕೋರಿರುತ್ತಾರೆ. ನಮ್ಮ ಮನೆಯಲ್ಲಿ ಆ ಪದವನ್ನು ಯಾರೂ ಹಗುರವಾಗಿ ಆಡುವುದಿಲ್ಲ; ಆದ್ದರಿಂದ ಅದರ ಪೂರ್ತಿ ತೂಕವನ್ನು ಬಲ್ಲವಳಾಗಿ ನಾನೂ ಕೋರುತ್ತೇನೆ. ಅವರ ಕಣ್ಣೂ ಕೈಯೂ ಗಟ್ಟಿಯಾಗಿರಲಿ. ನಿವೃತ್ತಿಯ ನಂತರವೂ ವಾರಕ್ಕೊಂದು ದಿನವಾದರೂ ಅವರು ಆ ಮೇಜಿಗೆ ಬರಲಿ ಎಂಬ ನನ್ನ ಬೇಡಿಕೆ ಬರಿಯ ಉಪಚಾರದ್ದಲ್ಲ. ಅಂದು ಅರ್ಜಿ ಸಲ್ಲಿಸಿ, ಗ್ರಂಥಾಲಯದ ಇಳಿಜಾರಿನಲ್ಲಿ ನಾನು ಗಾಲಿಕುರ್ಚಿಯನ್ನು ಜಗ್ಗಿ ಹಿಡಿದು ಇಳಿಸುತ್ತಿದ್ದೆ. ಅವಳ ಮುಖ ನನಗೆ ಕಾಣುತ್ತಿರಲಿಲ್ಲ. ಆರು ವರ್ಷದಲ್ಲಿ ಕಾಯಿಲೆಯ ಬಗ್ಗೆ ಒಂದು ಮಾತೂ ಕೇಳದವಳು, ಹಿಂದೆ ತಿರುಗದೆ ಕೇಳಿದಳು:

"ಅಮ್ಮಾ, ಮುಂದಿನ ಸಲ ಇನ್ಯಾವುದಕ್ಕೆ ಆಗಲ್ಲ ಅಂತ ಹೇಳ್ಬೇಕು?"