ಠಾಣೆಯ ಅಟ್ಟದ ಮೇಲೆ

ಬಾದಾಮಿಯ ಹೊರಗೆ, ಗುಡ್ಡದ ಬುಡದ ಹಳೆಯ ಅರಣ್ಯ ಠಾಣೆಗೆ ಶಮಶಾದಬಿ ಬಂದದ್ದು ಕಾವಲುಗಾರನ ಹೆಂಡತಿಯಾಗಿ. ಗಂಡ ತೀರಿಕೊಂಡ ಮೇಲೂ ಕಸ ಗುಡಿಸಿಕೊಂಡು, ಸಾಹೇಬರಿಗೆ ರೊಟ್ಟಿ ಬಡಿದುಕೊಂಡು ಅಲ್ಲೇ ಉಳಿದಳು. ಬ್ರಿಟಿಷರ ಕಾಲದ ಕಟ್ಟಡ: ಮೊಳದಗಲದ ಕೆಂಪುಗಲ್ಲಿನ ಗೋಡೆ, ಕಡಿದಾದ ಹಂಚಿನ ಮಾಡು, ಅದರಡಿ ಸಾಗವಾನಿ ಹಲಗೆಯ ಅಟ್ಟ. ಬೆಂಕಿಯ ಭಯಕ್ಕೆ ಅಡುಗೆಮನೆಯನ್ನು ಅಂಗಳದಾಚೆ ಬೇರೆಯೇ ಕಟ್ಟಿದ್ದರು. ಶಮಶಾದಬಿ ಮಲಗುತ್ತಿದ್ದುದೂ ಅಲ್ಲೇ.

ಆ ಬೇಸಿಗೆಯಲ್ಲಿ ಮೊದಲು ಠಾಣೆಯ ನಾಯಿ ಕಾಣೆಯಾಯಿತು. ಆಮೇಲೆ ಅಟ್ಟದಲ್ಲಿ ಏನೋ ಹೊರಳಾಡುವ ಸದ್ದು ಶುರುವಾಯಿತು.

"ಪುನುಗುಬೆಕ್ಕು ಇರಬೇಕು ಬಿಡು," ಎಂದರು ರೇಂಜರ್ ಮಧುಸೂದನ.

"ಬೆಕ್ಕಿನ ಭಾರಕ್ಕ ಹಲಗಿ ಹಿಂಗ ಬಾಗ್ತಾವೇನ್ರಿ ಸಾಹೇಬ್ರ?"

ಅವರು ನಕ್ಕು ಕಡತದತ್ತ ತಿರುಗಿದರು.

ಒಂದು ಮಧ್ಯಾಹ್ನ ಅವರ ಮೇಜು ಒರೆಸುತ್ತಿದ್ದಾಗ ಶಮಶಾದಬಿಯ ಮುಂಗೈ ಮೇಲೆ ಹನಿಯೊಂದು ಬಿತ್ತು. ರಕ್ತ. ತಲೆ ಎತ್ತಿದಳು, ಹಲಗೆಯ ಸಂದಿಯಲ್ಲಿ ಇನ್ನೊಂದು ಹನಿ ಕೂಡುತ್ತಿತ್ತು.

ಗಾರ್ಡ್ ಸಂಗಮೇಶ ಏಣಿ ಹತ್ತಿ ಅಟ್ಟದ ಮುಚ್ಚಳಕ್ಕೆ ಕೈ ಹಚ್ಚಿದನೋ ಇಲ್ಲವೋ, ಒಳಗಿಂದ ಎದೆ ನಡುಗಿಸುವಂತೆ ಗುರುಗುಟ್ಟುವ ಸದ್ದು ಕೇಳಿತು. ಅದರ ಬೆನ್ನಿಗೇ ಮರಿಗಳ ಕೀರಲು ದನಿ.

"ಚಿರತಿರೀ! ಮರಿ ಹಾಕೇತಿ!" ಎನ್ನುತ್ತ ಅವನು ಏಣಿಯಿಂದ ಜಿಗಿದ.

ಗಾಳಿಕಿಂಡಿಯ ಪಟ್ಟಿ ಮುರಿದಿತ್ತು. ಬೇವಿನ ಕೊಂಬೆ ಅಲ್ಲಿಯ ತನಕ ಚಾಚಿತ್ತು. ಅದೇ ಅದರ ದಾರಿ. ತಾಯಿ ತಾನಾಗಿ ಹೋಗಲೆಂದು ಮಧುಸೂದನ ಕಚೇರಿಯನ್ನು ಊರೊಳಗೆ ಸಾಗಿಸಿ, ರಸ್ತೆಗೆ ಕಾವಲಿಟ್ಟರು. ಶಮಶಾದಬಿ ಮಾತ್ರ ಕದಲಲಿಲ್ಲ.

"ಎಲ್ಲಿಗೆ ಹೋಗ್ಲಿರಿ? ನನಗಿರೂದು ಇದೊಂದ ಮನಿ. ಬಾಗಲಾ ಹಾಕ್ಕೊಂಡು ಇರ್ತೇನಿ."

ಕೆಲವು ದಿನಗಳಾದ ಮೇಲೆ, ಹೊತ್ತು ಮುಳುಗುವ ಮುಂಚೆ, ಚಿರತೆ ಮರಿಯೊಂದನ್ನು ಬಾಯಲ್ಲಿ ಕಚ್ಚಿಕೊಂಡು ಗುಡ್ಡ ಹತ್ತುವುದನ್ನು ಅವಳು ಕಿಟಕಿಯಿಂದ ಕಂಡಳು. ಇದೇ ಕಡೆಯ ಮರಿ, ಅಂತೂ ಹೋಯಿತೆಂದು ಕೊಡ ಹಿಡಿದು ಅಂಗಳ ದಾಟಿ ನಲ್ಲಿಯ ಹತ್ತಿರ ಹೋದಳು. ಆಗ ಮೇಲೆ, ಅಟ್ಟದೊಳಗೆ, ಇನ್ನೊಂದು ಮರಿ ಕೂಗಿತು.

ತಿರುಗಿ ನೋಡಿದರೆ, ಅವಳಿಗೂ ಅಡುಗೆಮನೆಗೂ ನಡುವೆ ತಾಯಿ ನಿಂತಿತ್ತು.

ಕೊಡವನ್ನು ಎದೆಗವಚಿಕೊಂಡಳು. "ಒಯ್ಯವ್ವಾ, ಒಯ್ದಬಿಡು," ಅಂದಳು. ಚಿರತೆ ಅವಳ ಮೇಲಿನ ಕಣ್ಣು ತೆಗೆಯದೆ ಪಕ್ಕಕ್ಕೆ ಸರಿದು, ಬೇವು ಹತ್ತಿತು. ಮರಿಯೊಡನೆ ಇಳಿದು, ಅವಳ ಸೀರೆಗೆ ಗಾಳಿ ಸೋಕುವಷ್ಟು ಹತ್ತಿರದಿಂದಲೇ ದಾಟಿಹೋಯಿತು.

ಕಚೇರಿ ಮತ್ತೆ ಠಾಣೆಗೆ ಬಂತು. ಕಿಂಡಿಗೆ ಕಬ್ಬಿಣದ ಜಾಲರಿಯೂ ಬಿತ್ತು. ಆದರೂ ಶಮಶಾದಬಿ ಇಂದಿಗೂ ಯಾವ ಕೋಣೆಗೂ ಸುಮ್ಮನೆ ಕಾಲಿಡುವುದಿಲ್ಲ. ಹೊಸ್ತಿಲಲ್ಲಿ ನಿಂತು ಕೆಮ್ಮುತ್ತಾಳೆ. ಒಳಗಿನ ಮೌನವನ್ನು ಪೂರ್ತಿ ಆಲಿಸಿದ ಮೇಲಷ್ಟೇ ಕಸಬರಿಗೆ ಎತ್ತಿಕೊಳ್ಳುತ್ತಾಳೆ.