ಮನೆಗೆ ಬೇಡವಾದ ಕಲ್ಲು

ಕಾಮಸಮುದ್ರದ ದಾರಿಯಲ್ಲಿ ಹುಣಸೆಮರದ ಕೆಳಗೆ ಕೂತು ಒರಳು ಕಡೆಯುತ್ತಿದ್ದ ಕಲ್ಲುಕುಟಿಗ ಅವರು. ಉಳಿ ಇಡುವ ಮುಂಚೆ ಗ್ರಾನೈಟ್ ತುಂಡಿಗೆ ನೀರು ಚಿಮುಕಿಸಿ, ಎಮ್ಮೆಯ ಮೈ ತೊಳೆಯುವವರ ಹಾಗೆ ಅಂಗೈಯಿಂದ ಉಜ್ಜುತ್ತಿದ್ದರು. ತುಕ್ಕುಬಣ್ಣದ ಉಂಗುರದೊಳಗೆ ಎಳ್ಳಿನಷ್ಟು ಕಪ್ಪು ಕಂಡರೂ ಸಾಕು, "ಇದು ಮನೆಗೆ ಬ್ಯಾಡ" ಎಂದು ತುಂಡನ್ನು ಬೆನ್ನ ಹಿಂದಕ್ಕೆ ಎಸೆಯುತ್ತಿದ್ದರು.

ನಾನಾಗ ಸಂಶೋಧನಾ ವಿದ್ಯಾರ್ಥಿನಿ. ಮೂರು ವಾರ ಸುತ್ತಿಗೆ ಹಿಡಿದು ಬಂಡೆಯಿಂದ ಬಂಡೆಗೆ ಅಲೆದು ಹುಡುಕುತ್ತಿದ್ದದ್ದು ಆ ಕಪ್ಪನ್ನೇ. ಅದು ಅಲನೈಟ್, ಶಿಲಾಪಾಕ ಆರುವಾಗ ಸೀರಿಯಂ, ಲ್ಯಾಂಥನಂನಂಥ ವಿರಳ ಭೂಧಾತುಗಳು ಹೋಗಿ ಸೇರುವ ಖನಿಜ. ಅದರೊಳಗಿನ ಚೂರು ಥೋರಿಯಂನ ವಿಕಿರಣ ಆ ಹರಳನ್ನು ನಿಧಾನವಾಗಿ ಉಬ್ಬಿಸಿ ಸುತ್ತಲಿನ ಕಲ್ಲನ್ನು ಸೀಳುತ್ತದೆ ಎಂದು ನಾನು ಓದಿದ್ದೆ. ಅವರು ಓದಿರಲಿಲ್ಲ. ಒರಳು ಅಲ್ಲಿಂದಲೇ ಬಿರಿಯುತ್ತದೆಂದು ಅವರಿಗೆ ಗೊತ್ತಿತ್ತು, ಅಷ್ಟೆ. ಅವರ ಹಿಂದೆ ಮೊಣಕಾಲೆತ್ತರದ ರಾಶಿಯಿತ್ತು.

ಅದರಲ್ಲಿ ಕೊಂಚ ಕೊಡಿ ಎಂದೆ. ಹುಬ್ಬು ಗಂಟಿಕ್ಕಿದರು.

"ಒಳ್ಳೇ ಕಲ್ಲು ಕೊಡ್ತೀನಿ, ತಗೊಂಡೋಗಮ್ಮ. ಅದು ಅಲ್ಲೇ ಬಿದ್ದಿರ್ಲಿ."

"ಪರೀಕ್ಷೆ ಮಾಡೋಕೆ ಕೆಟ್ಟದ್ದೇ ಬೇಕು ತಾತ."

ಸಂಜೆಯವರೆಗೆ ಒಪ್ಪಲಿಲ್ಲ. ಕೊನೆಗೆ ತಾವೇ ಎದ್ದು ಹನ್ನೆರಡು ತುಂಡು ಆರಿಸಿ ನನ್ನ ಚೀಲಕ್ಕೆ ತುಂಬಿದರು. "ನನ್ನೆಸ್ರು ಮಾತ್ರ ಎಲ್ಲೂ ಬರೀಬ್ಯಾಡ. ಬಿರುಕು ಕಲ್ಲು ಕೊಟ್ಟೋನು ಅನ್ನಿಸ್ಕೊಳ್ಳಾಕೆ ನನ್ ಕೈಲಾಗಲ್ಲ."

ನನ್ನ ಪ್ರಬಂಧ ನಿಂತಿರುವುದು ಆ ಹನ್ನೆರಡು ತುಂಡುಗಳ ಮೇಲೆ. ಕೃತಜ್ಞತೆಯ ಪುಟದಲ್ಲಿ ಮಾರ್ಗದರ್ಶಕರ ಹೆಸರಿದೆ, ಜೀಪು ಓಡಿಸಿದವನ ಹೆಸರೂ ಇದೆ. ಅವರದಿಲ್ಲ. ಇಲ್ಲೂ ಬರೆಯಲಿಲ್ಲ.